ಕಡಿಯದ ಕರೆ

೨೦೬೧ರ ಏಪ್ರಿಲ್‌ನ ಆ ಮಧ್ಯಾಹ್ನ ಹೊಸಪೇಟೆಯ ಪಂಪಾಪತಿಯ ಮನೆಯ ಗೋಡೆಯ ಮೇಲೆ ಅವನ ತಂಗಿ ನೀಲಗಂಗಾ ನಗುತ್ತಿದ್ದಳು. ಗೋಡೆಯೆಂದರೆ ಆಳೆತ್ತರದ ಪರದೆ. ಎಪ್ಪತ್ತು ಕಿಲೋಮೀಟರ್ ಆಚೆ, ಕುಷ್ಟಗಿಯ ಅವಳ ಕೋಣೆ ಬೆಳಗಿನಿಂದ ಸಂಜೆಯ ತನಕ ಅದರಲ್ಲಿ ತೆರೆದ ಕಿಟಕಿಯಂತೆ ಕಾಣುತ್ತಿತ್ತು. ಅವಳು ಎಂಟು ತಿಂಗಳ ಬಸುರಿ. ಮೊದಲಿನ ಎರಡು ನಿಂತಿರಲಿಲ್ಲ. ಈ ಸಲ ಮಂಚ ಬಿಟ್ಟು ಏಳಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಲಾರಿಗಳು ತಾವೇ ಓಡುವ ಕಾಲವಾದರೂ ಒಳಗೊಬ್ಬ ಮನುಷ್ಯ ಕೂತಿರಬೇಕೆಂಬ ಕಾನೂನಿತ್ತು. ಆ ಮನುಷ್ಯ ಅವಳ ಗಂಡ, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಅಡುಗೆಯವಳು ಬೆಳಿಗ್ಗೆ ಏಳಕ್ಕೆ ಹೊರಟುಹೋದರೆ ಮತ್ತೆ ಬರುವುದು ಸಂಜೆಗೆ. ನಡುವಿನ ಹೊತ್ತು ಅವಳನ್ನು ಕಾಯುವ ಕೆಲಸ ಅಣ್ಣನ ಗೋಡೆಯದು.

ಕಾಲೇಜಿಗೆ ರಜೆ. ರಸಾಯನಶಾಸ್ತ್ರದ ಮೇಷ್ಟ್ರಾದ ಪಂಪಾಪತಿ ತನ್ನ ಪ್ರಿನ್ಸಿಪಾಲರ ದನಿ ತೆಗೆದು ಅವರಂತೆಯೇ ಮೂಗಿನಲ್ಲಿ ಬೈಯುತ್ತಿದ್ದ. ಯಾವ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅದು ಅವನ ಗಂಟಲಿನಲ್ಲಿರುತ್ತಿತ್ತು.

ಹಿಂದಿನ ತಿಂಗಳು ಈ ಕಿಟಕಿ ಹೀಗಿರಲಿಲ್ಲ. ಆಗ ತಾನೇ ಅವನು ಹಳೆಯ ಕಂಪನಿಯನ್ನು ಬಿಟ್ಟು ‘ಝರಿ’ ಎಂಬ ಹೊಸ ಕಂಪನಿಯ ಬ್ರಾಡ್‌ಬ್ಯಾಂಡ್ ಹಾಕಿಸಿದ್ದ. ಜೋಡಿಮನೆ ಯೋಜನೆಯಲ್ಲಿ ತಂಗಿಯ ಮನೆಗೂ ಅದೇ. ಝರಿ ಹರಿಯಲಿಲ್ಲ, ತೊಟ್ಟಿಕ್ಕಿತು. ನೀಲಗಂಗಾ ‘ಅಣ್ಣಾ’ ಎಂದು ಬಾಯಿ ತೆರೆದರೆ ‘ಅ’ ಬಂದು ‘ಣ್ಣಾ’ ತಲುಪುವಷ್ಟರಲ್ಲಿ ಅವನ ಚಹಾ ಆರುತ್ತಿತ್ತು. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎನ್ನುವ ಕಂಪನಿಯ ಹುಡುಗಿಯ ದನಿಯನ್ನು ಕೇಳಿ ಕೇಳಿ ಅದನ್ನೂ ಕಲಿತುಬಿಟ್ಟ. “ಅಮೂಲ್ಯ ಅಂದ್ರ ಮೂಲ್ಯ ಇಲ್ಲದ್ದು, ನೀಲವ್ವ” ಎಂದು ತಂಗಿಯನ್ನು ನಗಿಸಿದ. ಆ ನಗು ಬಂದು ತಲುಪಿದ್ದು ಮರುಗಳಿಗೆಗಲ್ಲ, ಮೂರು ನಿಮಿಷಕ್ಕೆ.

ಕಂಪನಿ ಲೈನು ಸರಿಮಾಡಲಿಲ್ಲ; ಎರಡೂ ಮನೆಗೆ ಒಂದೊಂದು ‘ತುಂಬುಗ’ ಕಳಿಸಿತು. ಅಂಗೈಯಗಲದ ಈ ಪೆಟ್ಟಿಗೆಯನ್ನು ಕಂಡುಹಿಡಿದವಳು ಪಂಪಾಪತಿಯ ಹಳೆಯ ವಿದ್ಯಾರ್ಥಿನಿ, ಧಾರವಾಡದ ಡಾ. ರುಬೀನಾ ನದಾಫ್. ಅದು ಹತ್ತು ದಿನ ಮನೆಯವರ ಮುಖ, ದನಿ, ಮಾತಿನ ಚಾಳಿಗಳನ್ನು ಕಲಿಯುತ್ತದೆ. ಆಮೇಲೆ ದತ್ತಾಂಶ ತಡವಾದಾಗ, ಆಚೆಯವರು ಆ ಕ್ಷಣದಲ್ಲಿ ಏನು ಹೇಳಿಯಾರು, ಹೇಗೆ ಕತ್ತು ಹೊರಳಿಸಿಯಾರು ಎಂದು ಊಹಿಸಿ ಆ ಖಾಲಿ ಜಾಗವನ್ನು ತುಂಬುತ್ತದೆ. ನಿಜವಾದ ಚಿತ್ರ ಬಂದೊಡನೆ ಹೊಲಿಗೆ ಕಾಣದಂತೆ ಸೇರಿಸುತ್ತದೆ. ಪರದೆಯ ನಡುವೆ ಗಿರಗಿರ ಸುತ್ತುತ್ತಿದ್ದ ಚಕ್ರ ಮಾಯವಾಯಿತು. ಪಂಪಾಪತಿ ದೂರು ಹಿಂತೆಗೆದುಕೊಂಡ.

“ನಿನ್ನ ಸ್ಟೇರಿಂಗ್ ಸಾಹೇಬ್ರು ಎಲ್ಲಿಗೆ ಬಂದ್ರಂತ?” ಎಂದು ಅವನು ಆ ಮಧ್ಯಾಹ್ನ ಕೇಳಿದ.

“ಮಹಾಂತೇಶ ಇನ್ನೂ ರಾಯಪುರದಾಗ ಅದಾನ” ಎಂದಳು ನೀಲಗಂಗಾ, ನಗುತ್ತಲೇ.

ಪಂಪಾಪತಿಯ ಕೈಯಲ್ಲಿದ್ದ ಮಂಡಕ್ಕಿ ಬಾಯಿಗೆ ಹೋಗಲಿಲ್ಲ. ಅವರ ಮನೆತನದ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುತ್ತಿರಲಿಲ್ಲ. ಕಾಲ ಬದಲಾದರೂ ನೀಲಗಂಗಾ ಅದನ್ನೊಂದು ಹಟದ ಆಟವಾಗಿ ಉಳಿಸಿಕೊಂಡಿದ್ದಳು. ಮದುವೆ ನೋಂದಣಿಯ ಕಚೇರಿಯಲ್ಲಿ ಅಧಿಕಾರಿ ಎಷ್ಟು ಗದರಿಸಿದರೂ ಬಾಯಿ ಬಿಡದೆ ಚೀಟಿಯಲ್ಲಿ ಬರೆದುಕೊಟ್ಟವಳು ಅವಳು.

“ಏನಂದಿ? ಇನ್ನೊಮ್ಮೆ ಅನ್ನು.”

“ಮಹಾಂತೇಶ ಅಣ್ಣ, ಮಹಾಂತೇಶ. ಕಿವಿ ಮಂದ ಆದುವೇನು?”

ಅದೇ ದನಿ, ಅದೇ ಹುಬ್ಬಿನ ಕೊಂಕು. ಆದರೆ ನಕಲು ಮಾಡುವವನ ಗುಟ್ಟು ಪಂಪಾಪತಿಗೆ ಗೊತ್ತಿತ್ತು. ಕಲಿತದ್ದು ಮುಗಿದರೆ ಅವನು ಆ ಒಬ್ಬರ ಮಾತು ಬಿಟ್ಟು ಊರ ಮಂದಿಯೆಲ್ಲ ಆಡುವ ಮಾತಿಗೆ ಜಾರುತ್ತಾನೆ. ಊರ ಹೆಂಡಂದಿರೆಲ್ಲ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು.

ಪರದೆಯ ಮೇಲೆ ಲೈನಿನ ವೇಗ ಪರೀಕ್ಷಿಸುವ ಗುಂಡಿ ಒತ್ತಿದ. ಮುಳ್ಳು ಹಸಿರಿನ ತುದಿಗೆ ಹೋಗಿ ನಿಂತಿತು. ಆ ಮುಳ್ಳನ್ನೂ ಪೆಟ್ಟಿಗೆ ಊಹಿಸಿರಬಹುದಲ್ಲ! ಫೋನು ಕೈಗೆತ್ತಿಕೊಂಡ, ಅದೂ ಮನೆಯೊಳಗೆ ಇದೇ ಲೈನಿನಲ್ಲೇ ಮಾತಾಡುವಂಥದ್ದು. ಬಾಗಿಲಿನತ್ತ ಓಡಿದ.

“ಎಲ್ಲಿಗೆ ಹೊಂಟಿ ಅಣ್ಣ? ಕುಂದ್ರು” ಎಂದಿತು ಗೋಡೆ, ಅಕ್ಕರೆಯಿಂದ.

ಎದುರು ಮನೆಯ ಹುಲಿಗೆಮ್ಮ ಹಳೆಯ ಕಂಪನಿ ಬಿಟ್ಟಿರಲಿಲ್ಲ. “ನಂದು ಮುದುಕ ಲೈನಪ್ಪ. ಆದ್ರ ನಿಂತ್ರ ನಿಂತೈತಿ ಅಂತ ಗೊತ್ತರ ಆಗತೈತಿ” ಎನ್ನುತ್ತ, ಅವನ ಮುಖ ನೋಡಿ ಮಾತು ನಿಲ್ಲಿಸಿ ಫೋನು ಕೊಟ್ಟಳು. ನೀಲಗಂಗಾಳ ನಂಬರು ಹತ್ತಲೇ ಇಲ್ಲ. ಕುಷ್ಟಗಿಯ ಆಂಬುಲೆನ್ಸಿಗೆ ವಿಳಾಸ ಒದರಿದ. ಆಮೇಲೆ ರುಬೀನಾಳಿಗೆ ಮಾಡಿದ.

“ಸರ್, ಒಂದ್ ನಿಮಿಷ, ದಾಖಲೆ ತಗೀತೀನಿ” ಎಂದಳು ಆಕೆ. ಆ ಒಂದು ನಿಮಿಷ ಬೆಳೆಯುತ್ತಲೇ ಹೋಯಿತು. “ಸರ್... ಅಲ್ಲಿಂದ ಕಡೇಗೆ ಬಂದ ನಿಜವಾದ ಚಿತ್ರ ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕ.”

ಗಡಿಯಾರದಲ್ಲಿ ನಾಲ್ಕಾಗಿತ್ತು. ಹತ್ತಿರ ಹತ್ತಿರ ಒಂಬತ್ತು ಗಂಟೆ ಅವನು ಯಾರೂ ಇಲ್ಲದ ಗೋಡೆಯನ್ನು ನಗಿಸುತ್ತ ಕೂತಿದ್ದ.

“ನೀನು ಮಾಡಿದ್ದೇನು ರುಬೀನಾ?”

“ನಾನು ಮೂರು ಸೆಕೆಂಡಿನ ಮಿತಿ ಇಟ್ಟಿದ್ದೆ ಸರ್. ಅಷ್ಟರಾಗ ಬರದಿದ್ರ ಪರದೆ ಕಪ್ಪಾಗಬೇಕು. ಕಪ್ಪು ಕಂಡ್ರ ಗಿರಾಕಿ ಬ್ಯಾರೆ ಕಂಪನಿಗೆ ಹೋಗ್ತಾರಂತ ಝರಿಯವರು ಆ ಮಿತೀನ ತಗದ್ರು. ನಂಗ ಗೊತ್ತಿತ್ತು. ಸುಮ್ನ ಇದ್ದೆ.”

ದಾರಿಯುದ್ದಕ್ಕೂ ಪಂಪಾಪತಿಗೆ ತನ್ನ ಕಾರು ನಿಂತಲ್ಲೇ ನಿಂತಿದೆ, ಆಚೆ ಹಿಂದೋಡುತ್ತಿರುವ ಹೊಲಗಳೆಲ್ಲ ಯಾರೋ ತುಂಬಿದ ಚಿತ್ರ ಎನಿಸುತ್ತಿತ್ತು. ಮೈಲಿಗಲ್ಲುಗಳನ್ನು ಗಟ್ಟಿಯಾಗಿ ಓದಿಕೊಂಡ. ಓದುವ ದನಿ ಯಾರದೆಂದು ಅವನಿಗೇ ಗುರುತು ಹತ್ತಲಿಲ್ಲ.

ಕುಷ್ಟಗಿಯ ಆಸ್ಪತ್ರೆಯಲ್ಲಿ ಅವನು ತಲುಪುವ ಮೊದಲೇ ಹೊಟ್ಟೆ ಕೊಯ್ದು ಮಗುವನ್ನು ತೆಗೆದಿದ್ದರು. ಹೆಣ್ಣು. ತಡವಾಗಿ ಅತ್ತಿತಂತೆ. ಗಾಜಿನ ಪೆಟ್ಟಿಗೆಯೊಳಗೆ ಅದರ ಎದೆ ಏರಿಳಿಯುವುದನ್ನು ಅವನು ಕಣ್ಣು ಮಿಟುಕಿಸದೆ ನೋಡಿದ. ಬದುಕೀತೋ ಇಲ್ಲವೋ ಎರಡು ದಿನ ಕಳೆಯದೆ ಹೇಳಲಾಗದು ಎಂದರು ಡಾಕ್ಟರು. ಇನ್ನೊಂದು ತಾಸು ತಡವಾಗಿದ್ದರೆ ತಾಯಿಯೂ ಉಳಿಯುತ್ತಿರಲಿಲ್ಲ.

ನೀಲಗಂಗಾಳ ತುಟಿಗಳು ಒಣಗಿ ಸೀಳಿದ್ದವು. ಒದರಿ ಒದರಿ ದನಿ ಬಿದ್ದುಹೋಗಿತ್ತು.

“ಯಾಕ ತಡಾ ಮಾಡಿದಿ?” ಎಂದಳು.

“ನಂಗ ಗೊತ್ತ ಆಗಲಿಲ್ಲ ನೀಲವ್ವ.”

“ಸುಳ್ಳ್ಯಾಕ ಹೇಳ್ತಿ? ಏಳೂಕಾಲಿಗೆ ನೆತ್ತರ ಕಂಡು ಕರದೆ. ‘ಬಂದೆ, ಗಾಡಿ ತಗದೀನಿ, ಆಂಬುಲೆನ್ಸಿಗೂ ನಾನ ಹೇಳ್ತೀನಿ, ನೀ ಏಳಬ್ಯಾಡ’ ಅಂದಿ. ಒಂಬತ್ತಕ್ಕ ಕೇಳಿದೆ. ‘ಹಿಟ್ನಾಳ ದಾಟೀನಿ, ಬಂದೆ’ ಅಂದಿ. ಮಧ್ಯಾಹ್ನನೂ ಬಂದೆ ಅಂದಿ. ನೀ ಬರ್ತಿ ಅಂತ ನಾ ಬ್ಯಾರೆ ಯಾರನೂ ಕರೀಲಿಲ್ಲ ಅಣ್ಣ.”

ಅವಳ ಗೋಡೆಯಲ್ಲೂ ಒಬ್ಬ ಅಣ್ಣನಿದ್ದ. ಅದು ಈಗ ಹೊಳೆಯಿತು ಅವನಿಗೆ.

ಪಡಸಾಲೆಗೆ ಬಂದು ರುಬೀನಾಳಿಗೆ ಫೋನು ಮಾಡಿದ. “ನನ್ನ ಬಾಯಾಗ ಆ ಸುಳ್ಳು ಯಾಕ ಹಾಕ್ತು ನಿನ್ನ ಪೆಟ್ಟಿಗೆ?”

“ಅದಕ್ಕ ಸುಳ್ಳು ಅಂದ್ರ ಗೊತ್ತಿಲ್ಲ ಸರ್. ದಾಖಲೆ ನೋಡಿದೆ. ಅದು ನಿಮ್ಮನ್ನ ಕಲಿತ ಹತ್ತು ದಿನದಾಗ ಯಾರರ ನಿಮ್ಮನ್ನ ಕರೆದಾಗ ನೀವು ‘ಬಂದೆ’ ಅಂದದ್ದು ನಲವತ್ತೊಂದು ಸಲ. ಎದ್ದು ಹೋಗಿದ್ದು ಆರು ಸಲ.”

ಒಳಗಿನಿಂದ ನೀಲಗಂಗಾ ಕ್ಷೀಣವಾಗಿ ಕರೆದಳು. ನಾಲಿಗೆಯ ತುದಿಗೆ ಬಂದದ್ದನ್ನು ಪಂಪಾಪತಿ ಹಲ್ಲು ಕಚ್ಚಿ ನುಂಗಿಕೊಂಡ. ಫೋನನ್ನು ಬೆಂಚಿನ ಮೇಲೆಯೇ ಬಿಟ್ಟು, ಏನೂ ಹೇಳದೆ ಎದ್ದು ಒಳಗೆ ನಡೆದ.