ತಳ ಸೇರಿದ ನಾಣ್ಯ

೨೦೧೯ರ ಜೂನ್ ೧೭, ಸೋಮವಾರ, ಬೆಳಿಗ್ಗೆ ೮ ಗಂಟೆ ೪೦ ನಿಮಿಷ. ಪ್ರಯೋಗಾಲಯದ ಫ್ರೀಜರಿನಿಂದ ಹುಡುಗಿ ತನ್ನ ಡಬ್ಬಿಯನ್ನು ಹೊರತೆಗೆದಳು. ಮುಚ್ಚಳ ಎತ್ತಿದಳು. ಹಾಗೆಯೇ ನಿಂತುಬಿಟ್ಟಳು.

ಹನ್ನೆರಡು ನಳಿಕೆಗಳೂ ಇದ್ದವು. ಒಳಗಿನ ರಕ್ತ ಕಲ್ಲಿನಂತೆ ಗಟ್ಟಿಯಾಗಿಯೇ ಇತ್ತು. ಆದರೆ ಶುಕ್ರವಾರ ಸಮತಟ್ಟಾಗಿದ್ದ ಅದರ ಮೇಲ್ಮೈ ಈಗ ಓರೆಯಾಗಿತ್ತು. ಅಂದರೆ ರಕ್ತ ಕರಗಿದೆ. ಡಬ್ಬಿ ವಾಲಿದೆ. ವಾಲಿದಂತೆಯೇ ಮತ್ತೆ ಗಟ್ಟಿಯಾಗಿದೆ.

ಪಕ್ಕದಲ್ಲಿ ಅವಳೇ ಇಟ್ಟಿದ್ದ ಮಂಜುಗಡ್ಡೆಯ ಲೋಟ. ಗಡ್ಡೆಯ ಮೇಲೆ ಇರಬೇಕಾದ ನಾಣ್ಯ ಈಗ ತಳದಲ್ಲಿತ್ತು.

"ಮೇಡಂ! ಕರೆಂಟ್ ಹೋಗಿತ್ತು!"

ಮೇಲ್ವಿಚಾರಕಿ ಓಡಿ ಬಂದರು. "ಇಲ್ಲಿ ಕರೆಂಟ್ ಹೋಗಲ್ಲಮ್ಮ. ಹೋದ್ರೆ ಈ ಫ್ರೀಜರ್ ಅಲಾರಂ ಹೊಡೆದು ಕಟ್ಟಡ ಪೂರ್ತಿ ಎಬ್ಬಿಸುತ್ತೆ."

ಅವರು ಅದೇ ತಟ್ಟೆಯಲ್ಲಿದ್ದ ತಮ್ಮ ಡಬ್ಬಿ ತೆರೆದರು. ಅವರ ನಳಿಕೆಗಳಲ್ಲಿ ರಕ್ತ ಸಮತಟ್ಟಾಗಿತ್ತು.

ಫ್ರೀಜರ್ ಕೈಕೊಟ್ಟಿರಲಿಲ್ಲ. ಯಾರೋ ಒಂದೇ ಒಂದು ಡಬ್ಬಿಯನ್ನು ಹೊರಗಿಟ್ಟು ಕರಗಿಸಿದ್ದರು.

"ನಿಯಮ ಗೊತ್ತಲ್ಲ," ಎಂದರು ಮೇಲ್ವಿಚಾರಕಿ, ಮೆಲ್ಲಗೆ. "ಕರಗಿದ ರಕ್ತ ಬಳಸೋ ಹಾಗಿಲ್ಲ. ಸುಡಬೇಕು."

*

ಆರು ವಾರಗಳ ವಿನಿಮಯ ಅಧ್ಯಯನಕ್ಕೆ ಹೊರದೇಶದ ಈ ಪ್ರಯೋಗಾಲಯಕ್ಕೆ ತವರಿನ ವಿಶ್ವವಿದ್ಯಾಲಯದಿಂದ ಬಂದವರು ಮೂವರು. ಈ ಹುಡುಗಿಗೆ ಗೆಳೆಯರಿಟ್ಟ ಹೆಸರು ಸಿಐಡಿ. ಹಾಸ್ಟೆಲಿನಲ್ಲಿ ಯಾರ ಬಿಸ್ಕತ್ತು ಯಾರ ಹೊಟ್ಟೆ ಸೇರಿತು ಎಂದು ಪತ್ತೆ ಮಾಡುವುದು ಅವಳ ಹಳೆಯ ಚಟ. ಅವಳ ಜೊತೆ ಅದೇ ವಿಷಯದಲ್ಲಿ ಕೆಲಸ ಮಾಡುತ್ತಿದ್ದವನು ತಾತ. ಇಪ್ಪತ್ತೆರಡನೇ ವಯಸ್ಸಿಗೇ ಎಲ್ಲವನ್ನೂ ಎರಡು ಸಲ ಯೋಚಿಸುವವನು. ಮೂರನೆಯವನು ರಸಾಯನಶಾಸ್ತ್ರದ ರೇಡಿಯೋ. ಅವನ ಬಾಯಿಗೆ ಬೀಗವಿಲ್ಲ.

ಕೊನೆಯಲ್ಲಿ ಒಬ್ಬರನ್ನು ಮಾತ್ರ ಒಂದು ವರ್ಷ ಇಲ್ಲೇ ಉಳಿಸಿಕೊಳ್ಳುತ್ತಾರೆ. ಉಳಿಯುವ ಆಸೆ ಸಿಐಡಿಗೆ ಇತ್ತು. ರೇಡಿಯೋಗೂ ಇತ್ತು.

ಅವಳ ಕೆಲಸ ಮನೆತನದಲ್ಲಿ ಇಳಿದು ಬರುವ ಒಂದು ನರರೋಗದ ಮೇಲೆ. ಜೀನಿನಲ್ಲಿ ಒಂದು ಸಣ್ಣ ತುಣುಕು ಮತ್ತೆ ಮತ್ತೆ ಬರುತ್ತದೆ. ಮೂವತ್ತು ಸಲದೊಳಗೆ ಬಂದರೆ ಚಿಂತೆಯಿಲ್ಲ. ನಲವತ್ತು ಸಲ ದಾಟಿದರೆ ನಡುವಯಸ್ಸಿನಲ್ಲಿ ರೋಗ ಖಚಿತ. ಮೊದಲು ಕೈ ಹಿಡಿತ ತಪ್ಪುತ್ತದೆ, ಆಮೇಲೆ ನಡಿಗೆ, ಆಮೇಲೆ ಮನಸ್ಸು. ಮದ್ದಿಲ್ಲ.

ಹನ್ನೊಂದು ನಳಿಕೆಗಳು ತವರಿನ ರೋಗಿಗಳವು. ಅವುಗಳ ಜೋಡಿ ತವರಿನಲ್ಲಿದೆ, ತರಿಸಬಹುದು. ಹನ್ನೆರಡನೆಯದು ಹೋಲಿಕೆಗೆ ಬೇಕಾದ ಆರೋಗ್ಯವಂತರ ರಕ್ತ. ಅದನ್ನು ಕೆಲಸ ಮಾಡುವವರೇ ಕೊಡುವುದು ಈ ಪ್ರಯೋಗಾಲಯದ ರೂಢಿ. ಈ ಸಲ ತಾತನ ಸರದಿ. ಸೂಜಿ ಕಂಡೊಡನೆ ಅವನು ಕುರ್ಚಿಯಿಂದ ಜಾರಿದ್ದ. ನಕ್ಕು ಇವಳೇ ತೋಳು ಚಾಚಿದ್ದಳು.

"ಮನೇಲಿ ಯಾರಿಗೂ ಈ ಥರ ಕಾಯಿಲೆ ಇಲ್ಲ ತಾನೆ?" ಎಂದು ಮೇಲ್ವಿಚಾರಕಿ ಕೇಳಿದ್ದರು.

"ಇಲ್ಲ ಮೇಡಂ. ಅಪ್ಪ ನಾನು ಚಿಕ್ಕೋಳಿದ್ದಾಗ ಮೆಟ್ಟಿಲಿಂದ ಬಿದ್ದು ತೀರಿಹೋದ್ರು. ಕುಡೀತಿದ್ರು ಅಂತಾರೆ."

*

ರೇಡಿಯೋ ಊಟದ ಮನೆಯಲ್ಲಿ ಸಿಕ್ಕ.

"ಶನಿವಾರ ಲ್ಯಾಬಲ್ಲಿ ನಿನ್ನ ನೋಡ್ದೋರಿದಾರೆ. ಏನ್ ಮಾಡ್ತಿದ್ದೆ?"

"ಹಾಸ್ಟೆಲಲ್ಲಿ ನೆಟ್ ಇರ್ಲಿಲ್ಲ. ಅಮ್ಮನ ಜೊತೆ ಮಾತಾಡ್ತಿದ್ದೆ. ಯಾಕೇ, ನನ್ ಮೇಲೇನಾ ಗುಮಾನಿ?"

"ನನ್ನ ಕೆಲಸ ಕೆಟ್ರೆ ಲಾಭ ಯಾರಿಗಪ್ಪಾ?"

ಅವನ ಮುಖ ಕೆಂಪಾಯಿತು. "ನಿನ್ನ ಸೋಲಿಸ್ಬೇಕು ಅಂದ್ರೆ ಓದಿ ಸೋಲಿಸ್ತೀನಿ ಕಣೇ. ನಿನ್ನ ಡಬ್ಬೀನೂ ಮುಟ್ಟಿಲ್ಲ, ಆ ಗೋಲಕಾನೂ ಮುಟ್ಟಿಲ್ಲ."

"ಯಾವ ಗೋಲಕ?"

"ಅದೇ, ಲೋಟದಲ್ಲಿ ಕಾಸು ಹಾಕಿಟ್ಟಿದೀಯಲ್ಲ. ಮೊದಲನೇ ದಿನ ಕೇಳ್ದಾಗ ನೀನೇ ಗೋಲಕ ಅಂದೆ."

ಹೌದು, ತಮಾಷೆಗೆ ಹಾಗೆಂದಿದ್ದಳು. ಅವನು ಈವರೆಗೂ ನಂಬಿದ್ದ. ಅವಳ ಕೈಯಲ್ಲಿದ್ದ ಚಮಚ ತಟ್ಟೆಗೆ ಇಳಿಯಿತು. ಬೆಳಗಿನ ಇನ್ನೊಂದು ದೃಶ್ಯ ಕಣ್ಣಮುಂದೆ ಬಂತು. ಬರಬಾರದಿತ್ತು ಅನ್ನಿಸಿತು.

*

ಸಂಜೆ ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆ. ಒಂದೇ ಯಂತ್ರ ತಿರುಗುತ್ತಿತ್ತು. ಅದರ ಮುಂದೆ ತಾತ ಕೂತಿದ್ದ.

"ನೀನೇ ಅಲ್ವಾ?" ಎಂದಳು.

ಅವನು ಸೋಪಿನ ಪುಡಿಯ ಡಬ್ಬಿಯ ಮುಚ್ಚಳ ಬಿಗಿ ಮಾಡಿದ.

"ನಮ್ಮಲ್ಲಿ ಕರೆಂಟ್ ನೆಚ್ಚೋ ಹಾಗಿಲ್ಲ. ಅದಕ್ಕೇ ಮಂಜುಗಡ್ಡೆ ಮೇಲೆ ನಾಣ್ಯ ಇಡ್ತೀವಿ. ಫ್ರೀಜರ್ ನಿಂತ್ರೆ ಗಡ್ಡೆ ಕರಗಿ ನಾಣ್ಯ ಮುಳುಗುತ್ತೆ. ಇಲ್ಲಿ ಫ್ರೀಜರ್ ನಿಂತೇ ಇಲ್ಲ, ಆದ್ರೂ ನಾಣ್ಯ ಮುಳುಗಿದೆ. ಡಬ್ಬಿ ಜೊತೆ ಲೋಟಾನೂ ಹೊರಗಿಟ್ಟು ಕರಗಿಸಿದಾರೆ. ಯಾಕೆ? ಕರೆಂಟ್ ಹೋಗಿತ್ತು ಅಂತ ನಾನು ನಂಬ್ಲಿ ಅಂತ. ಇಲ್ಲಿಯವರಿಗೆ ಅದು ಬರೀ ಲೋಟ. ರೇಡಿಯೋಗೆ ಗೋಲಕ. ಅದರ ಅರ್ಥ ಗೊತ್ತಿರೋದು ನನಗೆ, ನಿನಗೆ. ಎರಡು ಸಲ ಯೋಚಿಸ್ತೀಯಲ್ಲ, ಎರಡನೇ ಸಲ ಸಿಕ್ಕಿಬಿದ್ದೆ."

"ಸಾಕು ಕಣೇ."

"ಇನ್ನೂ ಇದೆ. ಬೆಳಿಗ್ಗೆ, ಹೊಸದಾಗಿ ಯಾರಾದ್ರೂ ರಕ್ತ ಕೊಡಬೇಕು ಅಂತ ಮೇಡಂ ಹೇಳಿ ಬಾಯಿ ಮುಚ್ಚೋ ಮೊದಲೇ ಅಂಗಿ ತೋಳು ಮಡಚಿ ನಿಂತಿದ್ದೆ. ಸೂಜಿ ಕಂಡ್ರೆ ಉರುಳಿ ಬೀಳೋನು. ಅಂದ್ರೆ ನಿನಗೆ ಬೇಡವಾಗಿದ್ದು ಆ ಹನ್ನೊಂದಲ್ಲ. ಹನ್ನೆರಡನೇದು." ಅವಳ ದನಿ ಇಳಿಯಿತು. "ನನ್ನ ಆರು ವಾರ ಹಾಳು ಮಾಡಿದೆ. ಯಾಕೋ?"

ಅವನು ಎರಡೂ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡ.

"ಶುಕ್ರವಾರ ಯಂತ್ರ ಸರಿ ಇದೆಯಾ ಅಂತ ನೋಡೋಕೆ, ಫ್ರೀಜರಿಗೆ ಇಡೋ ಮೊದಲೇ ತೆಗೆದಿಟ್ಟಿದ್ದ ನಿನ್ನ ರಕ್ತ ಹಾಕ್ದೆ. ಆರೋಗ್ಯವಂತರದ್ದಲ್ವಾ, ಮೂವತ್ತರೊಳಗೇ ಬರುತ್ತೆ ಅಂತ." ಅಂಗೈಗಳನ್ನು ಕೆಳಗಿಳಿಸಿದ. "ಗೊತ್ತಿಲ್ದೆ ಇಪ್ಪತ್ತು ವರ್ಷ ನೆಮ್ಮದಿಯಾಗಿರ್ಲಿ ಅಂದ್ಕೊಂಡೆ. ಫಲಿತಾಂಶ ಅಳಿಸಿಹಾಕಿದೀನಿ. ಯಾರಿಗೂ ಹೇಳಿಲ್ಲ."

ಯಂತ್ರ ತಿರುಗುವುದು ನಿಂತಿತು. ಕೋಣೆಯಲ್ಲಿ ಸೋಪಿನ ವಾಸನೆ.

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಬೆರಳುಗಳನ್ನು ಅಗಲಿಸಿ ಹಿಡಿದಳು. ಅಲುಗಾಟವಿರಲಿಲ್ಲ.

"ಒಂದೇ ಸಲ ಹಾಕಿದ್ದಾ?"

"ಮೂರು ಸಲ. ಮೂರು ಸಲಾನೂ ಅದೇ ಬಂತು."

"ಅಪ್ಪನ ಕೈಯಿಂದ ಲೋಟ ಜಾರ್ತಿತ್ತು," ಎಂದಳು. "ನಡೀವಾಗ ತೂರಾಡ್ತಿದ್ರು. ಕುಡುಕ ಅಂತ ಚಿಕ್ಕಪ್ಪ ಮನೆಯಿಂದ ಆಚೆ ನೂಕಿದ್ರು. ಒಂದು ಹನೀನೂ ಮುಟ್ಟಲ್ಲ ಅಂತ ಅಮ್ಮ ಎಲ್ಲರ ಹತ್ರ ಹೇಳ್ತಿದ್ಲು. ಒಬ್ಬರೂ ನಂಬ್ಲಿಲ್ಲ. ನಾನೂ ನಂಬ್ಲಿಲ್ಲ ತಾತ."

ಅವನು ಅಳುತ್ತಿದ್ದ. ಅವಳು ಅಳಲಿಲ್ಲ. ಜೇಬಿನಿಂದ ಫೋನ್ ತೆಗೆದು ಅಮ್ಮನ ಹೆಸರಿನ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ.

"ಎಷ್ಟು ಬಂತು, ಹೇಳು."

"ಬೇಡ ಕಣೇ. ನಿನ್ ದಮ್ಮಯ್ಯ."

"ಅದು ನನ್ನ ರಕ್ತ ಕಣೋ. ಹೇಳು."

ಅವನು ಹೇಳಿದ.

ನಲವತ್ತಮೂರು.