ಕೊನೆಮನೆಯ ಕುಂಕುಮ

ಗಂಡ ತೀರಿಕೊಂಡ ವರ್ಷವೇ, ೨೦೦೭ರಲ್ಲಿ, ನಾನು ರಾಮನಗರದ ನಗರಸಭೆಗೆ ನಿಂತೆ. ಮತ ಕೇಳಲು ಹೋದ ಮನೆಗಳಲ್ಲೆಲ್ಲ ಹೆಂಗಸರು ನನ್ನ ಜೊತೆಯವರ ಹಣೆಗೆ ಕುಂಕುಮವಿಟ್ಟು, ನನ್ನ ಸರದಿ ಬಂದಾಗ ತಟ್ಟೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ರೇಷ್ಮೆ ನೂಲು ತೆಗೆಯುವವರ ಬೀದಿಯ ಕೊನೆಮನೆಯಲ್ಲಿ ಮಾತ್ರ ಒಬ್ಬಾಕೆ ನೇರವಾಗಿ ನನ್ನ ಹಣೆಗೇ ಇಟ್ಟಳು. ಒಳಗೆ ರಾಟೆ ತಿರುಗುತ್ತಿತ್ತು. ದಿನವಿಡೀ ಕುದಿನೀರಲ್ಲಿ ಗೂಡು ಬಿಡಿಸುವ ಬೆರಳು, ಮಂಜಿನಂತೆ ತಣ್ಣಗಿತ್ತು.

"ನನ್ಗೂ ಯಾರೂ ಇಕ್ತಿರ್ಲಿಲ್ಲ ಕಣವ್ವ," ಎಂದಳು.

ಬೀದಿಗಿಳಿದಾಗ ಜೊತೆಗಿದ್ದ ದಾಸಮ್ಮ ಕೇಳಿದಳು: "ಬೀಗ ಹಾಕಿರೋ ಮನೆ ಮುಂದೆ ಯಾಕಕ್ಕ ಅಷ್ಟೊತ್ತು ನಿಂತ್ಬುಟ್ಟೆ? ಅಲ್ಲಿದ್ದ ಶಿವಲಕ್ಷ್ಮಿ ಸತ್ತು ಎರಡು ವರ್ಸ ಆಯ್ತಲ್ಲ."

ಸಂಜೆ ಮನೆಯಲ್ಲಿ ಅತ್ತೆ ನನ್ನ ಹಣೆ ಮುಟ್ಟಿ, ಚಳಿ ತಾಗಿದವರಂತೆ ಕೈ ಹಿಂತೆಗೆದರು. ಯಾರಿಟ್ಟರೆಂದು ಕೇಳಲಿಲ್ಲ. ಒರೆಸಲೂ ಇಲ್ಲ.