ಬೆನ್ನಿನ ಗುಂಡಿಗಳು

ಕಿನಾಂಗೊಪ್‌ನ ಎತ್ತರದ ಬಯಲಿನ ಚಳಿಗೆ ನಾವು ಬಾಡಿಗೆ ಬೈಕಿನವರು ಹಳೇ ಕೋಟನ್ನು ಹಿಂದುಮುಂದಾಗಿ ತೊಡುತ್ತೇವೆ. ಎದೆಗೆ ಗಾಳಿ ನುಗ್ಗುವುದಿಲ್ಲ. ಬೆನ್ನಿನ ಗುಂಡಿಗಳನ್ನು ಹಿಂದೆ ಕೂತ ಗಿರಾಕಿಗಳು ಹಾಕಿಕೊಡುತ್ತಾರೆ.

ನಮ್ಮ ಕಿರಾಗು ಬೈಕಿನಿಂದ ಬಿದ್ದು, ಚರಂಡಿಯಲ್ಲೇ ಚಳಿಗೆ ಸೆಟೆದು ಸತ್ತಾಗ ಅವನ ಮೈಮೇಲೆ ಕೋಟಿರಲಿಲ್ಲ. ಅದರ ಕತ್ತಿನ ಕೆಂಪು ಗುಂಡಿಯೊಂದು ಮುಷ್ಟಿಯಲ್ಲಿತ್ತು. ಬೆರಳು ಬಿಡಿಸಲಾಗದೆ ಹಾಗೆಯೇ ಹೂಳಿದೆವು.

ಕೆಲವೇ ದಿನಗಳಲ್ಲಿ ನಮ್ಮವನೇ ಆದ ಗಿಚೋಹಿ, ಕತ್ತಿನ ಗುಂಡಿಯಿಲ್ಲದ ಅದೇ ಕೋಟು ತೊಟ್ಟು ಸ್ಟ್ಯಾಂಡಿಗೆ ಬಂದ.

"ಸಂತೇಲಿ ಸಿಕ್ತು," ಎಂದ.

ಒಂದು ಮುಂಜಾನೆ ಮಂಜಿನೊಳಗಿಂದ ಒಬ್ಬನೇ ಬಂದ. ಬೆನ್ನಿನಲ್ಲಿ ಇದ್ದಬದ್ದ ಗುಂಡಿಗಳೆಲ್ಲ ಹಾಕಿದ್ದವು.

"ಯಾರು ಹಾಕಿದ್ದೋ?" ಎಂದೆ.

"ಹೊರಡುವಾಗ ಬಿಚ್ಚೇ ಇತ್ತು ಮಾರಾಯ. ದಾರಿಯುದ್ದಕ್ಕೂ ಬೆನ್ನಿಗೆ ತಣ್ಣಗೆ ಬೆರಳು ತಾಗ್ತಿತ್ತು. ಸ್ವಲ್ಪ ಬಿಚ್ಚೋ."

"ನಿನ್ನ ಕೋಟು ತಾನೇ? ನೀನೇ ಬಿಚ್ಕೋ."

ಮರುದಿನ ಬಿಸಿಲೇರಿದ ಮೇಲೆ ಅದೇ ಚರಂಡಿಯಲ್ಲಿ ಸಿಕ್ಕ. ಬೈಕಿನ ಇಂಜಿನ್ನು ಇನ್ನೂ ಬಿಸಿಯಿತ್ತು. ಅವನು ಮಾತ್ರ ಕಲ್ಲಿನಂತೆ ತಣ್ಣಗಾಗಿದ್ದ. ಕೋಟಿನ ಕಾಲರು ಗಂಟಲಿಗೆ ಬಿಗಿದಿತ್ತು. ಹೆಣ ಮಗುಚಿ ನೋಡಿದೆ. ಕತ್ತಿನ ಹಿಂದೆ ಕೆಂಪು ಗುಂಡಿ ಹಾಕಿತ್ತು. ಅದಕ್ಕೆ ಹಸಿ ಮಣ್ಣು ಮೆತ್ತಿತ್ತು.